ದಕ್ಷಿಣದ ಗೋಡೆಯ ಬಾಗು

ಏಪ್ರಿಲ್ 4, 1992. ಶನಿವಾರ.
ಸಮುದ್ರದ ಇಳಿತ ಹನ್ನೆರಡಕ್ಕೆ. ಹತ್ತಕ್ಕೇ ತೂಬು ತೆಗೆದೆ. ಕಡಲಂಚಿನ ಈ ಈಜುಕೊಳ ಬರಿದಾಗಲು ಎಂದಿನಂತೆ ಎರಡು ಗಂಟೆ. ಪಾಚಿ ಉಜ್ಜಿ ಸುಣ್ಣ ಬಳಿದೆ. ತಳದಲ್ಲಿ ಒಂದು ಏಡಿ, ಯಾರದೋ ಹಲ್ಲುಸೆಟ್ಟು.

ಪೋರ್ತ್‌ಕೆಲ್ಲನ್ ಊರಿನ ಕೌನ್ಸಿಲ್‌ನಿಂದ ಕಾಗದ, ‘ಕೊಳದ ಮೇಲ್ವಿಚಾರಕಿ ಲವ್‌ಡೇ ಟ್ರೆಗೇರ್ ಅವರಿಗೆ’ ಎಂದು. ಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಐತಿಹಾಸಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಯಾರೂ ಮುಟ್ಟುವಂತಿಲ್ಲ. ಪರೀಕ್ಷಿಸುವವರು ಮಂಗಳವಾರ ಬರುತ್ತಾರೆ. ಮೂವತ್ತೊಂದು ವರ್ಷ ನಾನು ನೋಡಿಕೊಂಡ ಕೊಳ. ಭಯವಾಗಿದೆ.

ಏಪ್ರಿಲ್ 7.
ಬಂದವರು ಫಿಂಚ್. ಹೊಸ ಬೂಟು — ಎರಡು ಸಲ ಜಾರಿದರು. ದಕ್ಷಿಣದ ಗೋಡೆಯ ಬಾಗು ಕಂಡು ನಿಂತೇಬಿಟ್ಟರು.

“ಕಡಲಹಕ್ಕಿ ರೆಕ್ಕೆ ನೋಡಿ ಎಂಜಿನಿಯರ್ ಬರೆದದ್ದಂತಲ್ಲ ಮೇಡಂ? 1934ರಲ್ಲೇ ಇಂಥ ಕಲ್ಪನೆ! ಮೂಲ ಪ್ಲಾನ್ ಇದ್ರೆ ಹುಡುಕಿ ಕೊಡಿ. ಕೊಳ ಉಳಿದ್ರೆ ಈ ಬಾಗಿನಿಂದಲೇ.”

ಆಯಿತು ಎಂದೆ. ಈ ಕೊಳ ಕಟ್ಟುವಾಗ ಅಪ್ಪ ಮೇಸ್ತ್ರಿಯಾಗಿದ್ದ. ಅವನ ತಗಡಿನ ಪೆಟ್ಟಿಗೆ ಅಟ್ಟದ ಮೇಲಿದೆ.

ಏಪ್ರಿಲ್ 8.
ಪ್ಲಾನ್ ಸಿಕ್ಕಿತು. ಅದರಲ್ಲಿ ಗೋಡೆ ನೇರ! ಅಡಿಯಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ: ‘ಅರ್ಧಚಂದ್ರದ ವಾರ ಅಳೆದೆ. ತಪ್ಪು ನನ್ನದು.’

ಮುದುಕ ಡಿಗರಿಗೆ ತೋರಿಸಿದೆ. ಎಂಬತ್ನಾಲ್ಕು ವರ್ಷ, ದಿನಾ ಈಜುತ್ತಾನೆ. ಕೊಳ ಕಟ್ಟುವಾಗ ಅಪ್ಪನ ಕೈಕೆಳಗೆ ಮರಳು ಹೊತ್ತವನು.

“ಅರ್ಧಚಂದ್ರದ ವಾರ ಸಮುದ್ರ ಬೆಕ್ಕಿನಮರಿ ಕಣೇ ಲವ್‌ಡೇ, ಉಬ್ಬರ ಮೇಲೇರಲ್ಲ. ಅದನ್ನ ನಂಬಿ ಗೋಡೆ ಎತ್ತರ ಗುರುತು ಹಾಕ್ದ ನಿಮ್ಮಪ್ಪ. ಹುಣ್ಣಿಮೆ ಉಬ್ಬರ ಬಂತು, ಗೋಡೆ ಮಕಾಡೆ! ಆಮೇಲೆ ಮೂರು ದಿನ ಬಂಡೆ ಮೇಲೆ ನಿಂತು, ಅಲೆ ಎಲ್ಲಿ ಹೊಡಿಯುತ್ತೆ ನೋಡಿ, ಅಲ್ಲಿ ಬಗ್ಗಿಸಿ ಕಟ್ದ. ಹಕ್ಕಿನೂ ಇಲ್ಲ, ಪುಕ್ಕನೂ ಇಲ್ಲ. ಮಾನ ಉಳಿಸ್ಕೊಳ್ಳೋಕೆ ಎಂಜಿನಿಯರು ಕಥೆ ಕಟ್ದ.”

“ಈಗೇನ್ ಮಾಡ್ಲಿ?”

“ಒಲೆಗೆ ಹಾಕು. ಬಾಯ್ ಮುಚ್ಕೊಂಡು ಈಜು.”

ಅಪ್ಪ ಒಂದು ದಿನವೂ ಈ ಕೊಳಕ್ಕೆ ಇಳಿಯಲಿಲ್ಲ. ಯಾಕೆಂದು ಇವತ್ತು ತಿಳಿಯಿತು.

ಏಪ್ರಿಲ್ 13.
ಸುಡಲಿಲ್ಲ. ತಪ್ಪನ್ನು ಬರೆದಿಟ್ಟವನು ಅವನು, ಸುಡುವುದಕ್ಕೆ ನಾನ್ಯಾರು? ಫಿಂಚ್‌ಗೆ ಕಳಿಸಿದೆ. ಗೋಡೆ ಬಗ್ಗಿಸಿದವನು ಹೆಡ್ಲಿ ಟ್ರೆಗೇರ್, ನನ್ನಪ್ಪ, ಎಂದು ಜೊತೆಗೆ ಬರೆದೆ. ಅಂಚೆಡಬ್ಬಿಗೆ ಹಾಕಿಬಿಟ್ಟೆ. ಕೊಳ ಹೋದರೆ… ಡಿಗರಿ ಮಾತು ಬಿಟ್ಟಿದ್ದಾನೆ.

ಮೇ 21.
ಪಟ್ಟಿಗೆ ಸೇರಿತು! ಡಿಗರಿ ಒದ್ದೆ ಚಡ್ಡಿಯಲ್ಲೇ ಕುಣಿದ.

ಆಮೇಲೆ ಪತ್ರ ಪೂರ್ತಿ ಓದಿದೆ. ‘ಎಂಜಿನಿಯರರ ಕಲ್ಪನೆ, ಕಡಲಹಕ್ಕಿಯ ರೆಕ್ಕೆಯ ಆಕಾರ.’ ಅಪ್ಪನ ಹೆಸರಿಲ್ಲ. ಪ್ಲಾನ್ ವಾಪಸು ಬಂದಿದೆ, ಜೊತೆಗೆ ಫಿಂಚ್‌ರ ಚೀಟಿ: ‘ಇದನ್ನು ನಾನು ನೋಡಿಲ್ಲ. ಕೊಳ ಉಳಿಯಲಿ.’

ಒಳ್ಳೆಯ ಮನುಷ್ಯ. ಆದರೂ ಅಪ್ಪನ ಹೆಸರಿಗಾಗಿ ಪತ್ರವನ್ನು ಮತ್ತೊಮ್ಮೆ ಓದಿದೆ.

ಮೇ 23. ಬೆಳಿಗ್ಗೆ 7.
ತೂಬು ತೆಗೆದೆ. ಆಗ ಬೆಳಗಿನ ಜಾವ ನಾಲ್ಕು. ಡಿಗರಿ ಓಡಿಬಂದ. “ತಲೆ ಕೆಟ್ಟಿದ್ಯಾ? ಅರ್ಧಚಂದ್ರದ ವಾರ ಯಾರಾದ್ರೂ ನೀರು ಹೊರಗೆ ಬಿಡ್ತಾರಾ? ಇನ್ನೊಂದು ವಾರ ಕೊಳ ತುಂಬಲ್ಲ!”

ಗೊತ್ತು. ಅದಕ್ಕೇ ಬಿಟ್ಟಿದ್ದು. ಈ ವಾರ ಸಮುದ್ರ ಗೋಡೆ ಹತ್ತುವುದಿಲ್ಲ. ಸಿಮೆಂಟು ಒಣಗಲು ಬೇಕಾದಷ್ಟು ದಿನಗಳಿವೆ.

ಬಾಗಿನ ಬುಡದಲ್ಲಿ, ನೀರಿನ ಮಟ್ಟದ ಕೆಳಗೆ, ಒಂದು ಗೇಣು ಸಿಮೆಂಟು ಮೆತ್ತಿದೆ. ಮುಟ್ಟುವಂತಿಲ್ಲದ ಗೋಡೆ — ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಡಿಗರಿ ಬೈಯುತ್ತಲೇ ಕರಣೆ ಹಿಡಿದು ನಿಂತಿದ್ದಾನೆ. ಮೊಳೆಯಿಂದ ‘ಹೆಡ್ಲಿ’ ಕೊರೆದಾಯಿತು. ಬೆನ್ನು ಹಿಡಿದಿದೆ, ಮೆಟ್ಟಿಲ ಮೇಲೆ ಕೂತಿದ್ದೇನೆ. ಇನ್ನು ಮನೆತನದ ಹೆಸರು. ಸಿಮೆಂಟು ಗಟ್ಟಿಯಾಗುವುದರೊಳಗೆ—