ಇರುವೆ ಕಾಯ್ದ ನೀಲಿ ಚಿಟ್ಟೆ

ಅಕ್ಕಾ,

ಸಸಿ ಮಾರುವ ಈ ತೋಟದ ಕೆಲಸ ಒಗ್ಗಿದೆ. ಹೋದ ತಿಂಗಳು ಒಂದು ಗಿಡದ ತುಂಬ ಇರುವೆ ಕಂಡು ಔಷಧಿ ಪಂಪು ಎತ್ತಿದ್ದೆ. ಕುಂಡ ಜೋಡಿಸುವ ಅಜ್ಜಿ ಕೈ ಹಿಡಿದಳು: “ತಡಿಯೇ ತಾಯೀ, ಅವು ಮಗು ಕಾಯ್ತಿವೆ!” ನೋಡಿದರೆ ನಡುವೆ ಒಂದು ಹಸಿರು ಹುಳು. ಹೆತ್ತ ಚಿಟ್ಟೆ ಮೊಟ್ಟೆಯಿಟ್ಟು ಹೊರಟುಹೋಗಿದೆ. ಹುಳು ಕೊಡುವ ಸಿಹಿ ಹನಿ ನೆಕ್ಕುತ್ತ ಇರುವೆಗಳೇ ಕಾವಲು ನಿಂತಿವೆ. ಆಮೇಲೆ ಅದು ಉಗುರಿನಷ್ಟು ಪುಟ್ಟ ನೀಲಿ ಚಿಟ್ಟೆಯಾಗಿ ಹಾರಿತು ಕಣೇ!

ನನ್ನ ಕೆಮ್ಮು ಇಳಿದಿದೆ. ನಿನ್ನ ಮಡಿಲಲ್ಲಿ ಬಿಟ್ಟುಬಂದ ನನ್ನ ಪುಟ್ಟಿ ನಿನ್ನನ್ನೇ ಅಮ್ಮ ಅನ್ನುತ್ತಾಳೆಂದು ಅಳುಕಿ ಬರೆದಿದ್ದೆಯಲ್ಲ, ಅವಳನ್ನು ತಿದ್ದಬೇಡ. ಚಿಕ್ಕವಳಿದ್ದಾಗ ನಾನೂ ನಿನ್ನನ್ನು ಹಾಗೇ ಕರೆಯುತ್ತಿದ್ದೆನಂತೆ, ಕೆಟ್ಟುಹೋದೆನಾ?

ಕಾರ್ಡು ತುಂಬಿತು.

ನಿನ್ನ ತಂಗಿ