ರಟ್ಟಿನ ಇಳಿಜಾರಿಗೊಂದು ನೋಟಿಸ್

ಶಾಲಾ ಕಟ್ಟಡಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೂರನೇ ತರಗತಿಯ ಮಕ್ಕಳು ರಟ್ಟು, ಅಂಟು, ಐಸ್‌ಕ್ರೀಂ ಕಡ್ಡಿಗಳಿಂದ ಮಾಡಿದ ನಮ್ಮ ಶಾಲೆಯ ಮಾದರಿಯನ್ನು ತಾವು ಜಪ್ತಿ ಮಾಡಿಸಿದ್ದೀರಿ. ‘ಮಂಜೂರಾದ ನಕ್ಷೆಗೆ ವಿರುದ್ಧವಾದ ನಿರ್ಮಾಣ’ ಎಂದು ನನಗೆ ನೋಟಿಸನ್ನೂ ಕಳಿಸಿದ್ದೀರಿ. ಮೊಣಕಾಲೆತ್ತರದ ಕಟ್ಟಡವೊಂದನ್ನು ಇಲಾಖೆ ಇಷ್ಟು ಗಂಭೀರವಾಗಿ ಪರಿಗಣಿಸಿದ್ದು ಇದೇ ಮೊದಲಿರಬೇಕು; ಮಕ್ಕಳ ಪರವಾಗಿ ಧನ್ಯವಾದ.

ನಡೆದದ್ದಿಷ್ಟು. ವಾಸ್ತುಶಿಲ್ಪ ಎಂದರೇನೆಂದು ಹೇಳಿಕೊಡಲು ನಾನು ಬೋರ್ಡಿನ ಮೇಲೆ ಗೋಪುರ ಬಿಡಿಸಲಿಲ್ಲ. ಕೈಗೆ ಟೇಪು ಕೊಟ್ಟು, ನಿಮ್ಮ ಶಾಲೆಯನ್ನೇ ಅಳೆದು ಕಟ್ಟಿ ಎಂದೆ. ಎರಡು ವಾರ ಮಕ್ಕಳು ಕಿಟಕಿಗೆ ಜೋತುಬಿದ್ದು, ಮುಖ್ಯೋಪಾಧ್ಯಾಯರ ಮೇಜಿನಡಿ ತೂರಿ ಅಳೆದರು. ಗ್ರಂಥಾಲಯದ ಮೂರು ಮೆಟ್ಟಿಲಿನ ಹತ್ತಿರ ಗಾಲಿಕುರ್ಚಿಯ ಹುಡುಗಿ (ತರಗತಿ ಇಟ್ಟ ಹೆಸರು ‘ಎಕ್ಸ್‌ಪ್ರೆಸ್’) ಕೇಳಿದಳು: “ಟೀಚರ್, ನಾನು ಇದ್ರೊಳಗೆ ಹೋಗೇ ಇಲ್ಲ. ಒಳಗೇನಿದೆ ಅಂತ ಗೊತ್ತಿಲ್ದೆ ಹೇಗೆ ಮಾಡ್ಲಿ?”

ಮೂರು ವರ್ಷದಿಂದ ಅವಳಿಗೆ ಪುಸ್ತಕ ಹೊರಗೆ ತಂದುಕೊಟ್ಟು ಭಾರೀ ಉಪಕಾರ ಮಾಡಿದೆನೆಂದು ಬೀಗುತ್ತಿದ್ದವಳು ನಾನು.

ಒಬ್ಬ ವಿದ್ಯಾರ್ಥಿನಿಯ ತಾಯಿ ಗಾರೆ ಕೆಲಸದವರು. ಅವರನ್ನೇ ತರಗತಿಗೆ ಕರೆಸಿದೆವು. “ಒಂದಡಿ ಮೇಲೇರೋಕೆ ಹನ್ನೆರಡಡಿ ಉದ್ದ ಬೇಕು ಮಕ್ಳೇ. ಇಲ್ದಿದ್ರೆ ಗಾಡಿ ವಾಪಸ್ ಜಾರುತ್ತೆ,” ಎಂದರು. ಮೂರೂ ಮೆಟ್ಟಿಲು ಸೇರಿ ಎತ್ತರ ಒಂದೂವರೆ ಅಡಿ. ಇಳಿಜಾರು ಹದಿನೆಂಟಡಿ ಬೇಕು. ಎದುರಿಗಿದ್ದ ಜಾಗ ಹನ್ನೆರಡೇ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ಎಕ್ಸ್‌ಪ್ರೆಸ್ ರಟ್ಟು ಕತ್ತರಿಸಿ ಮೂಲೆಯಲ್ಲಿ ತಿರುಗಿಸಿಬಿಟ್ಟಳು. ತಿರುವಿನಲ್ಲಿ ಗಾಲಿ ನಿಲ್ಲಲು ಸಮತಟ್ಟು ಜಾಗವನ್ನೂ ಬಿಟ್ಟಳು.

ತಪಾಸಣೆಗೆ ಬಂದ ತಾವು “ಭೇಷ್!” ಎಂದಿರಿ.

“ಹಾಗಾದ್ರೆ ನಿಜವಾದ್ದು ಯಾವಾಗ ಕಟ್ತೀರಾ ಸರ್?” ಎಂದು ಎಕ್ಸ್‌ಪ್ರೆಸ್ ಕೇಳಿದಳು.

“ಅದಕ್ಕೆಲ್ಲ ತಾಂತ್ರಿಕ ವರದಿ ಬೇಕಮ್ಮ.”

“ಅಳತೆ ಎಲ್ಲಾ ಹಿಂದುಗಡೆ ಬರ್ದಿದೀವಲ್ಲ ಸರ್!”

ಮಕ್ಕಳು ಗೊಳ್ಳೆಂದು ನಕ್ಕರು. ಮರುದಿನವೇ ತಮ್ಮ ಜವಾನರು ಮಾದರಿಯನ್ನು ಹೊತ್ತೊಯ್ದರು. ಸೋರುವ ಛಾವಣಿಯ ಬಗ್ಗೆ ಕೊಟ್ಟ ಅರ್ಜಿ ಎರಡು ವರ್ಷದಿಂದ ಮಿಸುಕಾಡದ ಕಚೇರಿಗೆ ಈ ಚುರುಕು ಎಲ್ಲಿಂದ ಬಂತು? ಮಕ್ಕಳನ್ನು ಎತ್ತಿಕಟ್ಟಿದ್ದೇನೆ ಎಂಬುದು ನನ್ನ ಮೇಲಿನ ಎರಡನೇ ಆರೋಪ. ಸ್ವಾಮಿ, ನಾವು ಎತ್ತಿ ಕಟ್ಟಿದ್ದು ಗೋಡೆಗಳನ್ನು ಮಾತ್ರ.

ಮಾದರಿಯನ್ನು ಹಿಂತಿರುಗಿಸಿ, ಅದರಂತೆ ಇಳಿಜಾರನ್ನು ಕಟ್ಟಿಸಿಕೊಡಿ. ಆಗದಿದ್ದರೆ ಏಕೆ ಆಗದೆಂದು ಮೂರನೇ ತರಗತಿಯವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡಿ. ಅಂದಹಾಗೆ, ಮಕ್ಕಳ ಮುಂದಿನ ಮಾದರಿ ತಮ್ಮ ಕಚೇರಿ. ಸೋಮವಾರ ಮೂವತ್ತೊಂದು ಮಂದಿ ಟೇಪು ಹಿಡಿದು ಬರುತ್ತೇವೆ. ತಮ್ಮ ಕೊಠಡಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲವಂತೆ. ಎಕ್ಸ್‌ಪ್ರೆಸ್‌ಳನ್ನು ಕೆಳಗೆ ಬಿಟ್ಟು ನಾವ್ಯಾರೂ ಮೇಲೆ ಹತ್ತುವುದಿಲ್ಲ. ದಯವಿಟ್ಟು ತಾವೇ ಕೆಳಗಿಳಿದು ಬನ್ನಿ.

ಇಂತಿ,
ಬಣ್ಣ ಹಚ್ಚಲು ನೇಮಕಗೊಂಡು, ಅಳತೆ ಕಲಿಸಿ ಸಿಕ್ಕಿಬಿದ್ದ
ಚಿತ್ರಕಲಾ ಶಿಕ್ಷಕಿ