ಮೂರು ಡಬ್ಬಿ, ಹತ್ತು ನಂಬರು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಎಷ್ಟು ಬೇಕೋ ಅಷ್ಟು ಬೈದುಕೋ. 'ನಾವೆಲ್ಲ ಕ್ಷೇಮ' ಎಂದು ಶುರುಮಾಡಲು ಕೈ ಬರಲಿಲ್ಲ.

ಅಮ್ಮನ ಮರೆವಿಗೆಂದು ನೀನು, ಪಕ್ಕದ ಮನೆಯವರು, ಔಷಧಿ ಅಂಗಡಿಯವರು ಮೂರು ಡಬ್ಬಿ ಹೇಳಿದಿರಲ್ಲ? ಮೀನೆಣ್ಣೆ, ಗಿಂಕೋ ಎಂಬ ಚೀನಾ ಮರದ ಎಲೆಯದು, ಬ್ರಾಹ್ಮಿ. ಮೂರರ ಮೇಲೂ ಒಂದೇ ಭರವಸೆ: ನೆನಪು ಹೆಚ್ಚುತ್ತದೆ. ಹೆದರಿದವರನ್ನೇ ಹುಡುಕಿ ವ್ಯಾಪಾರ ಮಾಡುವವರ ಬಣ್ಣ ಬಯಲು ಮಾಡುವ ಕರಪತ್ರವೊಂದನ್ನು ನಾನೇ ಬರೆಯಬೇಕೆಂದು ಹೊರಟೆ. ನಂಬಬೇಡ, ಹೋಲಿಸಿ ನೋಡು ಎಂದೇ ಮೋಸದ ಔಷಧಿಗಳ ವಿರುದ್ಧ ನಾನು ಓದಿದ ಕರಪತ್ರಗಳೆಲ್ಲ ಹೇಳುವುದು. ಒಂದೊಂದಕ್ಕೆ ಎರಡು ವಾರ. ದಿನಾ ಬೆಳಿಗ್ಗೆ ನಾನು ಚೀಟಿಯಲ್ಲಿ ಬರೆದ ಹತ್ತು ಫೋನ್ ನಂಬರು ಓದುವುದು, ಕಾಫಿಯಾದ ಮೇಲೆ ಅಮ್ಮ ತಿರುಗಿ ಹೇಳುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತವಳಿಗೆ ಬೇರೆ ಪರೀಕ್ಷೆ ಯಾಕೆ? "ಮತ್ತೆ ಕೆಲಸಕ್ಕೆ ತಗೋತೀಯೇನೇ ನನ್ನ?" ಎಂದು ನಕ್ಕಳು.

ಮೀನೆಣ್ಣೆಯಲ್ಲಿ ನಾಲ್ಕು ದಾಟಲಿಲ್ಲ. ಗಿಂಕೋದಲ್ಲಿ ಮೂರು. ಬ್ರಾಹ್ಮಿಯಲ್ಲಿ ಒಂಬತ್ತು, ಹತ್ತು, ಮತ್ತೆ ಹತ್ತು. ನನ್ನ ವಾದ ಸೋತಿತು ಅಕ್ಕ. ಕುಣಿಯುವಷ್ಟು ಖುಷಿಯಾಯಿತು.

ಈ ಸೋಮವಾರ ನಾನು ಚೀಟಿ ಬಿಡಿಸುವ ಮೊದಲೇ ಹತ್ತೂ ಹೇಳಿಬಿಟ್ಟಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಈಗ ತಾನೇ ನೀನೇ ಹೇಳಿದ್ಯಲ್ಲೇ, ಆ ಮೂಲೆಯಿಂದ."

ಮೂಲೆಯಲ್ಲಿ ಇಸ್ತ್ರಿ ಮೇಜು ಬಿಟ್ಟರೆ ಏನೂ ಇರಲಿಲ್ಲ.

ಮಂಗಳವಾರ ಬೇಕೆಂದೇ ಚೀಟಿ ಬರೆಯಲಿಲ್ಲ. ಅಮ್ಮ ಮೂಲೆಗೆ ಕಿವಿಗೊಟ್ಟು, ಹೂಂ ಹೂಂ ಎನ್ನುತ್ತ ಹತ್ತು ನಂಬರು ಹೇಳಿದಳು. ಬರೆದುಕೊಂಡೆ. ಬುಧವಾರ, ನಂಬರು ನನಗೂ ಮೊದಲೇ ಗೊತ್ತಿರಬಾರದೆಂದು, ನಮ್ಮ ಜೆರಾಕ್ಸ್ ಅಂಗಡಿಗೆ ಬಂದ ಹತ್ತು ಜನ ಅಪರಿಚಿತರ ಕೈಯಲ್ಲಿ, ಮನಸ್ಸಿಗೆ ಬಂದ ಒಂದು ಫೋನ್ ನಂಬರು ಬರೆಯಿರಿ ಎಂದು ಬರೆಸಿದೆ. ಸಂಜೆ ಮನೆಗೆ ಬಂದು ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ. ಅವೇ ಹತ್ತು. ಅದೇ ಸಾಲಿನಲ್ಲಿ.

ಇದಕ್ಕೆ ಯಾವ ಕರಪತ್ರದಲ್ಲೂ ಉತ್ತರವಿಲ್ಲ. ನಾನು ಬರೆಯುತ್ತಿದ್ದ ಕರಪತ್ರವನ್ನು ಹರಿದು ಹಾಕಿದೆ.

ಭಾವನಿಗೆ ನಮಸ್ಕಾರ ಹೇಳು. ಪಾಪುವಿನ ತಲೆ ನನ್ನ ಪರವಾಗಿ ಸವರು. ನೀವು ಮೂವರೂ ತಣ್ಣಗಿರಿ.

ನಿನ್ನ
ಗುಬ್ಬಿ

ತಾ.ಕ.: ಡಾಕ್ಟರು ಬರೆದುಕೊಟ್ಟ ಮಾತ್ರೆ ಕೊಡ್ತಿದ್ದೀಯಾ ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಹೂಂ ಎಂದೆ. ಸುಳ್ಳು. ಹೋಲಿಕೆಯಲ್ಲಿ ಬೇರೇನೂ ಬೆರೆಯಬಾರದೆಂದು ಆರು ವಾರದಿಂದ ಅದನ್ನು ನಿಲ್ಲಿಸಿದ್ದೆ. ನಿನ್ನೆ ಮತ್ತೆ ಶುರುಮಾಡಿದೆ. ಇವತ್ತು ಮಾತ್ರೆ, ನೀರು ಹಿಡಿದು ಹೋಗಿ "ಅಮ್ಮಾ" ಎಂದೆ. ಅವಳು ಮೂಲೆಯಿಂದ ಕಣ್ಣು ತೆಗೆಯದೆ ನನಗೆ ಕೈ ಅಡ್ಡ ಹಿಡಿದಳು.

"ಒಂದು ನಿಮಿಷ ಸುಮ್ಮನಿರಿ. ನನ್ನ ಮಗಳು ಮಾತಾಡ್ತಿದ್ದಾಳೆ."